ಆರು ಗ್ಲಾಸು ಅಕ್ಕಿಯ ಫ್ರೆಂಚ್

ನನ್ನ ಮದುವೆ ಕಾರ್ಡಿನಲ್ಲಿ ಎರಡು ಅಕ್ಷರ ಸುಳ್ಳು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಕಣ್ಣು ಕೆಂಪಗೆ ಮಾಡಬಾರದು. ಆ ಅಕ್ಷರ ನಾನು ಹಾಕಿಸಿದ್ದಲ್ಲ. ಮಸ್ಕಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ನಮ್ಮಪ್ಪ ಮೌಲಾಸಾಬ್, ನನ್ನನ್ನು ಒಂದು ಮಾತೂ ಕೇಳದೆ ಲಿಂಗಸುಗೂರಿನ ಪ್ರೆಸ್ಸಿಗೆ ಹೋಗಿ, 'ಕೌಸರ್, ಬಿ.ಎ.' ಎಂದು ಐನೂರು ಕಾರ್ಡು ಅಚ್ಚು ಹಾಕಿಸಿಕೊಂಡು ಬಂದುಬಿಟ್ಟ. ನನ್ನ ಕೊನೆಯ ವರ್ಷದ ರಿಸಲ್ಟು ಬರಲು ಇನ್ನೂ ಇಪ್ಪತ್ತು ದಿನ ಇತ್ತು.

"ರಿಸಲ್ಟ್ ಬರೋಕಿಂತ ಮೊದಲ ಯಾಕ ಹಾಕಿಸಿದ್ಯಪ್ಪಾ?" ಎಂದರೆ, "ನೀ ಫೇಲಾಗೋ ಪೈಕಿ ಅಲ್ಲ, ಸುಮ್ನಿರು" ಎಂದ.

ನಾನು ಫೇಲಾಗೋ ಪೈಕಿಯೇ ಆದೆ. ಅದೂ ಒಂದೇ ಒಂದು ವಿಷಯದಲ್ಲಿ. ಅದೂ ಫ್ರೆಂಚಿನಲ್ಲಿ!

ಮಸ್ಕಿಯ ಹುಡುಗಿಗೆ ಫ್ರೆಂಚು ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳುತ್ತೀರಿ. ನಾನು ಓದಿದ್ದು ಹೈದರಾಬಾದಿನಲ್ಲಿ, ಮಾಮುನ, ಅಂದರೆ ಸೋದರಮಾವನ, ಮನೆಯಲ್ಲಿದ್ದುಕೊಂಡು. ಅಲ್ಲಿಯ ಕಾಲೇಜಿನಲ್ಲಿ ಕನ್ನಡ ಇರಲಿಲ್ಲ. ಉರ್ದು ನನ್ನ ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. "ಫ್ರೆಂಚ್ ತಗೋ, ಮಾರ್ಕ್ಸ್ ಸುರೀತಾರೆ" ಎಂದಳು ಪಕ್ಕದ ಮನೆಯವಳು. ಎರಡು ವರ್ಷ ಸುರಿದರು, ಸುಳ್ಳು ಯಾಕೆ ಹೇಳಲಿ. ಮೂರನೇ ವರ್ಷ ಪಾಸೇ ಸಾಂಪ್ಲ್ ಬಂತು.

ಪಾಸೇ ಸಾಂಪ್ಲ್ ಎಂದರೆ ಫ್ರೆಂಚಿನ ಒಂದು ಭೂತಕಾಲ. ನಾನು ಸಂತೆಗೆ ಹೋಗಿ ಬಂದೆ ಎಂದು ಹೇಳಲು ಅವರಿಗೆ ಬೇರೆ ಭೂತಕಾಲ ಇದೆ. ಇದು ಪುಸ್ತಕದ್ದು. ರಾಜ ಬಂದ, ರಾಜ ಗೆದ್ದ, ರಾಜ ಸತ್ತ ಎಂದು ಬರೆಯಲು ಮಾತ್ರ. ಇದರಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಆದರೂ ಪ್ರತಿಯೊಂದು ಕ್ರಿಯಾಪದಕ್ಕೂ ಆರು ರೂಪ: ನಾನು, ನೀನು, ಅವನು, ನಾವು, ನೀವು, ಅವರು. ಯಾರೂ ಆಡದ ಮಾತಿಗೆ ಆರು ಬಾಲ ಯಾಕೆ ಎಂದು ನನಗೆ ಸಿಟ್ಟು ನೆತ್ತಿಗೇರಿ ಆ ಪಾಠವನ್ನೇ ಬಿಟ್ಟೆ. ಪರೀಕ್ಷೆಯಲ್ಲಿ ಅದಕ್ಕೇ ಹತ್ತು ಅಂಕ ಇಟ್ಟಿದ್ದರು. ಪಾಸಾಗಲು ಮೂವತ್ತೈದು ಬೇಕು, ನನಗೆ ಬಂದದ್ದು ಇಪ್ಪತ್ತೆಂಟು. ಸುದ್ದಿ ಬಂದಾಗ ಮದುವೆಗೆ ಮೂರು ದಿನ ಇತ್ತು, ನನ್ನ ಎರಡೂ ಕೈಗೆ ಮೆಹಂದಿ ಹಚ್ಚಿದ್ದರು, ಕಣ್ಣು ಒರೆಸಿಕೊಳ್ಳಲಿಕ್ಕೂ ಆಗಲಿಲ್ಲ.

ಹಾಗೆ ನಾನು ಸಿಂಧನೂರಿನ ಈ ಮನೆಗೆ ಸುಳ್ಳು ಬಿ.ಎ. ಆಗಿ ಬಂದೆ. ಗಂಡ ಮಂಜೂರ್ ನೆಲ್ಲು ಕೊಯ್ಯುವ ಮಷೀನು ಓಡಿಸುತ್ತಾರೆ. ಅವರಿಗೆ ಮೊದಲನೇ ವಾರವೇ ಹೇಳಿದೆ. ನಕ್ಕು ಸುಮ್ಮನಾದರು. ಅವರ ಬಾಯಿಂದ ಗುಟ್ಟು ಹೊರಗೆ ಬೀಳುವ ಭಯವಿಲ್ಲ, ಯಾಕೆಂದರೆ ಆ ಬಾಯಿ ಊಟಕ್ಕೆ ಬಿಟ್ಟರೆ ತೆರೆಯುವುದೇ ಇಲ್ಲ. ನನ್ನ ಭಯವೆಲ್ಲ ಅತ್ತೆ ಹುಸೇನ್‌ಬೀಯವರದು. ನಾನು ಅವರನ್ನು ಅಮ್ಮಾ ಎನ್ನುತ್ತೇನೆ.

ಅಮ್ಮ ನನ್ನ ಮದುವೆ ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ಮನೆಗೆ ಯಾರೇ ಬರಲಿ, ಚಹಾ ಕುದಿಯುವುದರೊಳಗೆ ಕಾರ್ಡು ಹೊರಗೆ ಬರುತ್ತದೆ. ಅಕ್ಷರದ ಕೆಳಗೆ ಬೆರಳು ಸರಿಸುತ್ತಾ, ದಿನಾಂಕ, ಷಾದಿಮಹಲ್ ಎಲ್ಲ ಓದಿ, ನನ್ನ ಹೆಸರಿಗೆ ಬಂದಾಗ ದನಿ ಏರಿಸಿ "ಕೌಸರ್, ಬಿ.ಎ." ಎಂದು ಬೆರಳಿನಿಂದ ಎರಡು ಸಲ ಬಡಿಯುತ್ತಾರೆ. "ನಮ್ಮ ಸೊಸಿ ಬಿ.ಎ. ಆಗ್ಯಾಳ. ನಾನೂ ಸಾಲ್ಯಾಗ ಮೂರನೇತ್ತ ಓದೀನಿ, ಓದಿದವರ ಕಿಮ್ಮತ್ತು ನಂಗ ಗೊತ್ತೈತಿ." ಕರೆಂಟ್ ಬಿಲ್ಲು, ಔಷಧಿ ಚೀಟಿ, ಓಣಿಯವರ ನೋಟೀಸು, ಎಲ್ಲ ನನ್ನ ಕೈಗೆ. "ನಂಗ ಕಣ್ಣು ಮಂಜು ಮಂಜು ಆಗ್ಯಾವ, ನೀನ ಓದು." ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿದಾಗಲೆಲ್ಲ, "ಮಾಮುನ ಅಲ್ಮಾರಿಯಾಗ ಐತ್ರೀ ಅಮ್ಮಾ" ಎನ್ನುತ್ತಿದ್ದೆ. ಹತ್ತೊಂಬತ್ತು ವರ್ಷ ಆ ಅಲ್ಮಾರಿಗೆ ಬೀಗ ಹಾಕಿಯೇ ಇಟ್ಟಿದ್ದೆ.

ಬೀಗಕ್ಕೆ ಕೈ ಬಿದ್ದದ್ದು ಕಳೆದ ಫೆಬ್ರವರಿಯಲ್ಲಿ. ಜವಳಗೇರಾ ರಸ್ತೆಯಲ್ಲಿ ಪಂಪಾಪತಿ ಎನ್ನುವವರು ಹೊಸ ಶಾಲೆ ತೆಗೆಯುತ್ತಿದ್ದರು. ಅಮ್ಮ ನನಗೆ ಗೊತ್ತಿಲ್ಲದಂತೆ ಅಲ್ಲಿಗೇ ಹೋಗಿ, ಕಾರ್ಡು ತೋರಿಸಿ, ನನಗೊಂದು ಟೀಚರ್ ಕೆಲಸ ಗಟ್ಟಿ ಮಾಡಿಕೊಂಡು ಬಂದಿದ್ದರು. ಮದುವೆ ಕಾರ್ಡು ತೋರಿಸಿ ಕೆಲಸ ಕೇಳಿದವರು ಭೂಮಿ ಮೇಲೆ ಬೇರೆ ಯಾರಾದರೂ ಇದ್ದಾರೆಯೇ?

"ಜೂನ್ ಒಂದಕ್ಕ ಒರಿಜಿನಲ್ ಸರ್ಟಿಫಿಕೇಟ್ ಕೊಡಬೇಕಂತ" ಎಂದರು, ಕುಣಿಯುವುದೊಂದು ಬಾಕಿ. "ಎಷ್ಟ ದಿನ ಓಣಿಯವರ ಚೀಟಿ ಓದ್ತೀ? ನೀ ಸಾಲಿಯಾಗ ನಿಂತು ಪಾಠ ಹೇಳೋದು ನಾ ನೋಡಬೇಕು. ನಿಮ್ಮ ಮಾಮುಗ ಫೋನ್ ಹಚ್ಚು, ಅಲ್ಮಾರಿ ತಗಿ ಅನ್ನು."

ಎರಡು ದಿನ ಅನ್ನ ಸೇರಲಿಲ್ಲ. ಸುಳ್ಳು ಸಿಕ್ಕಿಬಿದ್ದರೆ ನನಗೆ ನಾಚಿಕೆ, ಇರಲಿ. ಆದರೆ ಹತ್ತೊಂಬತ್ತು ವರ್ಷ ನನ್ನನ್ನು ತಲೆ ಮೇಲೆ ಹೊತ್ತು ತಿರುಗಿದ ಅಮ್ಮನ ತಲೆ ಊರ ಮುಂದೆ ತಗ್ಗಬೇಕಲ್ಲ, ಅದು ನನಗೆ ಆಗದ ಮಾತು.

ಮೂರನೇ ದಿನ ಕಾಲೇಜಿನ ಹಳೆಯ ಗೆಳತಿಯಿಂದ ಫೋನಿಗೆ ಒಂದು ಮೆಸೇಜು ಬಂತು. ಹಳೆಯ ಬ್ಯಾಚಿನಲ್ಲಿ ವಿಷಯ ಉಳಿಸಿಕೊಂಡವರಿಗೆ ಒಂದೇ ಒಂದು ಸಲ ಮತ್ತೆ ಬರೆಯಲು ಅವಕಾಶ. ಪರೀಕ್ಷೆ ಏಪ್ರಿಲ್‌ನಲ್ಲಿ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ನಗು ಪುಸ್ತಕ ತೆರೆಯುವ ತನಕ ಮಾತ್ರ. ಮಗಳು ತಮನ್ನಾ ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದಾಳೆ, ಮಂಜೂರ್ ಮಷೀನು ತೆಗೆದುಕೊಂಡು ದಢೇಸುಗೂರು ಕಡೆ ಹೋಗಿದ್ದರು, ಮಧ್ಯಾಹ್ನ ಅಮ್ಮ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಆಗ ಮಾಳಿಗೆ ಹತ್ತಿ, ಒಣಮೆಣಸಿನಕಾಯಿ ಕಾಯುವ ನೆಪದಲ್ಲಿ ಫೋನಿನಲ್ಲಿ ಪಾಠ ತೆರೆಯುತ್ತಿದ್ದೆ. ದೊನೇ ಎಂದರೆ ಕೊಡುವುದು. ಝ ದೊನೇ, ತ್ಯು ದೊನಾ, ಇಲ್ ದೊನಾ, ನು ದೊನಾಮ್, ವು ದೊನಾತ್, ಇಲ್ ದೊನೇರ್. ಕೊಟ್ಟೆ, ಕೊಟ್ಟೆ, ಕೊಟ್ಟ, ಕೊಟ್ಟೆವು, ಕೊಟ್ಟಿರಿ, ಕೊಟ್ಟರು. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹಾರಿಹೋಗುತ್ತಿತ್ತು. ನಲವತ್ತರ ತಲೆಗೆ ಇಪ್ಪತ್ತರಲ್ಲಿ ಹತ್ತದ್ದು ಹತ್ತೀತೇ? ಸಿಟ್ಟಿನಿಂದ ಜೋರಾಗಿ ಒದರತೊಡಗಿದೆ.

"ಯಾರಿಗ ಬೈಯಾಕತ್ತೀ ಬೇಟಾ?"

ತಿರುಗಿ ನೋಡಿದರೆ ಮಾವ, ನಾನು ಅಬ್ಬಾ ಎನ್ನುವವರು. ಪಾರಿವಾಳಕ್ಕೆ ನೀರಿಡಲು ಬಂದಿದ್ದರು. ಮಾವ ದಸ್ತಗೀರ್‌ಸಾಬ್ ಸಿಂಧನೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಮೂವತ್ತೆಂಟು ವರ್ಷ ತೂಕದವರಾಗಿದ್ದವರು. ತೂಕದ ಕಾಂಟಾ ಪಕ್ಕದಲ್ಲಿ ನಿಂತು ನೆಲ್ಲಿನ ಚೀಲ ಎಣಿಸಿ ಕೂಗುವುದು ಅವರ ಕೆಲಸ. ಅವರ ದನಿ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತಂತೆ. ಮನೆಯಲ್ಲಿ ಮಾತ್ರ ಅಮ್ಮನ ಮುಂದೆ ಆ ದನಿ ಅರ್ಧಕ್ಕೆ ಇಳಿಯುತ್ತದೆ.

ಏನು ಸುಳ್ಳು ಹೇಳಲಿ ಎಂದು ಹುಡುಕಿದೆ. ಸಿಗಲಿಲ್ಲ. "ಅಬ್ಬಾ, ನಾ ಬಿ.ಎ. ಅಲ್ಲರೀ" ಎಂದು ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಅವರು ಪಾರಿವಾಳಗಳನ್ನೇ ನೋಡುತ್ತಾ ಕೇಳಿದರು. ಆಮೇಲೆ ಮೆಟ್ಟಿಲ ಕಡೆ ಬಗ್ಗಿ ನೋಡಿ, "ಹುಸೇನ್‌ಬೀಗ ಗೊತ್ತೈತೇನು?" ಎಂದರು.

"ಇಲ್ಲರೀ."

"ಹಂಗಾದ್ರ ನಂಗೂ ಗೊತ್ತಿಲ್ಲ. ತಿಳೀತಾ? ಆಕಿ ಕೇಳಿದ್ರ ನಾ ಇವತ್ತು ಮಾಳಿಗಿ ಹತ್ತೇ ಇಲ್ಲ." ಮೆಣಸಿನಕಾಯಿ ಸರಿಸಿ ಕುಳಿತರು. "ಈಗ ಹೇಳು, ಯಾವ ಮಾತು ಅದು, ಯಾರೂ ಆಡಲಾರದ್ದು?"

ಹೇಳಿದೆ. ಪುಸ್ತಕಕ್ಕೆ ಮಾತ್ರ, ಬಾಯಿಗೆ ಅಲ್ಲ ಎಂದೆ.

"ಹೋ, ಅಷ್ಟೇನಾ! ರಿಜಿಸ್ಟರ್ ಆಫೀಸಿನ ಮಾತು ಅನ್ನು" ಎಂದರು. "'ಬರೆಸಿಕೊಟ್ಟ ಕ್ರಯಪತ್ರದ ಕಾರಣವೇನೆಂದರೆ, ಸದರಿ ಜಮೀನಿನ ಚಕ್ಕುಬಂದಿ' ಅಂತ ಬರೀತಾರಲ್ಲ. ಮನ್ಯಾಗ ಯಾರರ ಹೇಣ್ತಿ ಕೂಡ ಹಂಗ ಮಾತಾಡ್ತಾರೇನು? ಆದ್ರ ಹಂಗ ಬರೀದಿದ್ರ ಹೊಲ ನಿನ್ನ ಹೆಸರಿಗೆ ಆಗತೈತೇನು?"

ಕಾಲೇಜಿನ ಸರ್ ವರ್ಷವಿಡೀ ಹೇಳಿದರೂ ತಿಳಿಯದ್ದು, ಸಹಿಯ ಬದಲು ಹೆಬ್ಬೆಟ್ಟು ಒತ್ತುವ ಈ ಮನುಷ್ಯ ಒಂದೇ ಮಾತಿನಲ್ಲಿ ತಿಳಿಸಿದರು. ಹತ್ತೊಂಬತ್ತು ವರ್ಷದ ಸಿಟ್ಟು ಅರ್ಧ ಇಳಿಯಿತು.

"ಆದ್ರ ನೆನಪ ಉಳಿವಲ್ದು ಅಬ್ಬಾ."

"ಕುಂತು ಓದಿದ್ರ ಎಲ್ಲಿ ಉಳೀತೈತಿ? ಕೈಯಾಗ ಏನರ ಎತ್ತಬೇಕು, ಹಾಕಬೇಕು, ಕೂಗಬೇಕು. ನಾ ದಿನಕ್ಕ ಆರನೂರು ಚೀಲ ತಪ್ಪದ ಕೂಗೀನಿ. ನಿಂದು ಬರೇ ಆರು." ಎದ್ದು ಗಂಜಿನ ದನಿಯನ್ನು ಕಾಲು ಭಾಗ ಮಾಡಿ ತೋರಿಸಿದರು. "ಲಾಭೋ ಲಾಭ, ಲಾಭೋ ಲಾಭ... ಎರಡೋ ಎರಡು, ಎರಡೋ ಎರಡು... ಮುಂದಿನ ಚೀಲ ಎತ್ತೋ ತನಕ ಹಿಂದಿನದು ಬಾಯಾಗ ಇರಬೇಕು. ಬಾಯಿ ಖಾಲಿ ಬಿಟ್ಟೆ, ಲೆಕ್ಕ ಹೋತು."

ಲಾಭ ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮ ಕಡೆ ರಾಶಿ ಅಳೆಯುವಾಗ ಯಾರೂ ಒಂದು ಎನ್ನುವುದಿಲ್ಲ. ಒಂದು ಎಂದರೆ ಒಂದಕ್ಕೇ ನಿಂತುಬಿಡುತ್ತದೆ ಎಂದು, ಮೊದಲನೆಯದನ್ನು ಲಾಭ ಎಂದೇ ಕೂಗುತ್ತಾರೆ. ಆದರೆ ಮಾವ ನನ್ನ ಫ್ರೆಂಚಿಗೂ ಅದನ್ನೇ ಹಚ್ಚಿದರು.

"ಮೊದಲನೇದಕ್ಕ ಲಾಭ ಅನ್ನು. ಸುರುವಿಗೇ 'ನಾನು' ಅಂತಾರೇನು ಬೇಟಾ, ಅದು ಚಲೋ ಅಲ್ಲ."

"ಅಬ್ಬಾ, ಪರೀಕ್ಷಾದಾಗ ಲಾಭ ಅಂತ ಬರದ್ರ ಸೊನ್ನಿ ಕೊಡ್ತಾರ!"

"ಬರಿಯೋದು ನಿಂದ ನೀ ಬರಿ. ಬಾಯಾಗ ಲಾಭ ಅನ್ನು. ಗಂಜಿನಾಗೂ ಹಂಗ, ಬಾಯಾಗ ಲಾಭ, ಚೀಟಿಯಾಗ ಒಂದು."

"ನಡುವ ತಪ್ಪಿದ್ರ?"

"ಎಲ್ಲಾ ಚೀಲ ಇಳಿಸಿ ಮತ್ತ ಲಾಭದಿಂದ ಸುರು. ಅಂದಾಜಿನ ಮ್ಯಾಲ ಮುಂದ ಹೋಗಂಗಿಲ್ಲ. ಅಂದಾಜು ಮಾಡಿದವ ತೂಕದವ ಅಲ್ಲ, ಕಳ್ಳ."

ಕಳ್ಳ ಎಂಬ ಮಾತು ನನ್ನನ್ನು ನೋಡಿ ಹೇಳಿದ್ದಲ್ಲ. ಆದರೂ ಚುರ್ ಎಂದಿತು.

ಮರುದಿನದಿಂದ ನನ್ನ ಕಾಂಟಾ ಅಡುಗೆಮನೆಯಲ್ಲಿ ನಿಂತಿತು. ಅಕ್ಕಿ ಡಬ್ಬಿ, ಸ್ಟೀಲ್ ಗ್ಲಾಸು, ಬೋಗುಣಿ. ಮೊದಲನೇ ಗ್ಲಾಸಿಗೆ ಲಾಭೋ ಲಾಭ. ಎರಡನೆಯದಕ್ಕೆ ತ್ಯು ದೊನಾ, ತ್ಯು ದೊನಾ. ಹೀಗೆ ಆರನೆಯದಕ್ಕೆ ಇಲ್ ದೊನೇರ್. ಪವಾಡ ಎನ್ನಿ, ಏನಾದರೂ ಎನ್ನಿ, ಕೈ ಎತ್ತಿದ ಕೂಡಲೇ ಬಾಯಿಗೆ ಬರತೊಡಗಿತು! ನಾಲ್ಕೇ ದಿನದಲ್ಲಿ ಕೊಡುವುದು ಮುಗಿಸಿ, ಮುಗಿಸುವುದು, ಬರುವುದು, ನೋಡುವುದು, ಇರುವುದು ಎಲ್ಲ ಅಳೆದೆ.

ಒಂದು ಮಾತು ಮಾತ್ರ ನನಗೂ ಹೊಳೆಯಲಿಲ್ಲ, ಮಾವನಿಗೂ ಹೊಳೆಯಲಿಲ್ಲ. ನಮ್ಮ ಮನೆಗೆ ಮೂರು ಗ್ಲಾಸು ಅಕ್ಕಿ ಸಾಕು.

"ಕೌಸರ್, ಇವತ್ತ ಯಾರ ಬರೋರು ಅದಾರ?" ಎಂದು ಅಮ್ಮ ಬೋಗುಣಿಯೊಳಗೆ ಇಣುಕಿದರು.

"ಯಾರೂ ಇಲ್ಲರೀ ಅಮ್ಮಾ."

"ಮತ್ತ ಇಷ್ಟು ಅನ್ನ ಯಾರ ತಲಿಗೆ?"

ಮೊದಲ ದಿನ ಉಳಿದದ್ದನ್ನು ಪಕ್ಕದ ಮನೆಯ ಕಸ್ತೂರೆಮ್ಮನಿಗೆ ಕೊಟ್ಟೆವು. ಎರಡನೇ ದಿನವೂ ಕೊಟ್ಟೆವು. ಮೂರನೇ ದಿನ ಚಿತ್ರಾನ್ನ, ನಾಲ್ಕನೇ ದಿನ ಅಕ್ಕಿ ಸಂಡಿಗೆ. ಒಂದು ವಾರಕ್ಕೆ ಕಸ್ತೂರೆಮ್ಮ ಒಲೆ ಹಚ್ಚುವುದನ್ನೇ ಬಿಟ್ಟು, ಹನ್ನೆರಡು ಗಂಟೆಗೆ ಪಾತ್ರೆ ಹಿಡಿದು ಬಾಗಿಲಲ್ಲಿ ನಿಲ್ಲತೊಡಗಿದಳು. ಮಂಜೂರ್ ಊರಿಗೆ ಬಂದ ದಿನ ತಟ್ಟೆಯಲ್ಲಿ ಗುಡ್ಡದಂತೆ ಬಿದ್ದ ಅನ್ನ ನೋಡಿ ನನ್ನ ಮುಖ ನೋಡಿದರು, ಏನೂ ಕೇಳದೆ ಉಂಡರು, ಎದ್ದು ಪ್ಯಾಂಟಿನ ಬೆಲ್ಟು ಸಡಿಲಿಸಿಕೊಂಡರು. ಅಮ್ಮನಿಗೆ ಮಾತ್ರ ಚಿಂತೆ ಹತ್ತಿತು. ಅಡುಗೆಮನೆ ಬಾಗಿಲಿಗೆ ಬಂದು, ನಾನು ಗ್ಲಾಸು ಎತ್ತಿ "ಇಲ್ ಫ್ಯೂರ್, ಇಲ್ ಫ್ಯೂರ್" ಎಂದು ರಾಗ ಹಾಕುತ್ತಿದ್ದುದನ್ನು ನೋಡಿ, ಮಾವನ ಹತ್ತಿರ ಹೋದರು.

"ನೋಡ್ರೀ, ಹುಡುಗಿಗ ಏನೋ ಆಗೈತಿ. ಅಕ್ಕಿ ಕೂಡ ಮಾತಾಡಾಕತ್ತಾಳ. ದರ್ಗಾಕ್ಕ ಕರಕೊಂಡ ಹೋಗಿ ತಾಯಿತ ಕಟ್ಟಿಸೋಣೇನು?"

"ನಕ್ಕೊ, ನಕ್ಕೊ, ಏನೂ ಬ್ಯಾಡ" ಎಂದರು ಮಾವ, ಕೆಮ್ಮಿನಲ್ಲಿ ನಗು ನುಂಗಿ. "ಅಕ್ಕಿ ಕೂಡ ಮಾತಾಡಿದ್ರ ಅನ್ನ ಉದುರುದುರು ಆಗತೈತಂತ. ಟೀವಿಯಾಗ ತೋರಿಸ್ಯಾರ."

ಆಮೇಲೆ ನನಗೆ ಉಪಾಯ ಹೊಳೆಯಿತು, ಅಳೆದ ಅಕ್ಕಿಯನ್ನೇ ಮತ್ತೆ ಡಬ್ಬಿಗೆ ಸುರಿದರಾಯಿತು ಎಂದು. ಕಸ್ತೂರೆಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಏಪ್ರಿಲ್ ಬಂತು. ಹೈದರಾಬಾದಿಗೆ ಹೋಗಲು ನೆಪ ಬೇಕು. ಮಾವನ ಕಣ್ಣು ತೋರಿಸುವುದು ಎಂದು ಹೇಳಿದೆವು. "ಅಮ್ಮಾ, ನಿಮ್ಮ ಕಣ್ಣೂ ಮಂಜು ಅಂತೀರಲ್ಲ, ನೀವೂ ಬರ್ರಿ" ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಮ್ಮ ಹಾವು ತುಳಿದವರಂತೆ ಹಿಂದೆ ಸರಿದು, "ನನ್ನ ಕಣ್ಣಿಗೆ ಏನ್ ಧಾಡಿ ಆಗೈತಿ? ಸೂಜಿಗೆ ದಾರ ಪೋಣಿಸ್ತೀನಿ ನಾ!" ಎಂದು ರೇಗಿದರು. ನನಗೆ ಆಗ ಅದು ವಿಚಿತ್ರ ಅನಿಸಿತು, ಆದರೆ ಬಚಾವಾದೆನಲ್ಲ ಎಂಬ ಖುಷಿಯಲ್ಲಿ ಮರೆತೆ.

ಹೈದರಾಬಾದಿನಲ್ಲಿ ಬರೆಯುವ ಪರೀಕ್ಷೆ ಸಲೀಸು ಆಯಿತು. ಹತ್ತು ಅಂಕದ ಪಾಸೇ ಸಾಂಪ್ಲ್ ನೋಡಿ ನನಗೆ ಹಳೆಯ ನೆಂಟರನ್ನು ಕಂಡಷ್ಟು ಸಂತೋಷ. ಎಡಗೈಯಲ್ಲಿ ಇಲ್ಲದ ಗ್ಲಾಸು ಎತ್ತಿ ಹಾಕುತ್ತಾ, ಬಲಗೈಯಲ್ಲಿ ಬರೆದೆ. ಮುಂದೆ ಕುಳಿತವಳು ತಿರುಗಿ ನೋಡಿ ತನ್ನ ಕುರ್ಚಿ ಸರಿಸಿಕೊಂಡಳು. ಹೊರಗೆ ಬಂದರೆ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ನಾಳೆ ಇಪ್ಪತ್ತು ಅಂಕಕ್ಕೆ ಬಾಯಿಪರೀಕ್ಷೆ.

ಬಾಯಿಪರೀಕ್ಷೆ! ನನ್ನ ಬಾಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಆ ಸಂಜೆಯೆಲ್ಲ ಮಾಮುನ ಮನೆಯಲ್ಲಿ "ಝ ಫ್ಯು, ಝ ಫ್ಯು" ಎಂದು ಲಾಭವನ್ನು ಬಾಯಿಂದ ಕಿತ್ತು ಹಾಕಲು ನೋಡಿದೆ.

ಮರುದಿನ ಬೆಳಿಗ್ಗೆ ಮೇಜಿನ ಆಚೆ ದಪ್ಪ ಕನ್ನಡಕದ ಮೇಡಂ ಒಬ್ಬರು ಕುಳಿತಿದ್ದರು. ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ, "ಇರು ಎನ್ನುವ ಕ್ರಿಯಾಪದ, ಪಾಸೇ ಸಾಂಪ್ಲ್‌ನಲ್ಲಿ, ಆರೂ ರೂಪ" ಎಂದರು.

ನನ್ನ ಕೈ ತಾನಾಗಿಯೇ ಎದ್ದಿತು. ಕೈ ಎದ್ದ ಮೇಲೆ ಬಾಯಿ ಯಾರ ಮಾತು ಕೇಳೀತು?

"ಲಾಭೋ ಲಾಭ!" ಎಂದೆ. ಅದೂ ಗಂಜಿನ ದನಿಯಲ್ಲಿ. "ತ್ಯು ಫ್ಯು, ತ್ಯು ಫ್ಯು... ಇಲ್ ಫ್ಯು, ಇಲ್ ಫ್ಯು... ನು ಫ್ಯೂಮ್... ವು ಫ್ಯೂತ್... ಇಲ್ ಫ್ಯೂರ್!"

ಮೇಡಂ ಪೆನ್ನು ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಪ್ಯೂನು ಒಳಗೆ ಇಣುಕಿದ.

"ಮೊದಲನೆಯದು ಏನಂದಿರಿ?"

"ಲಾಭ" ಎಂದೆ. ಮತ್ತೆ! ನನ್ನ ಬಾಯಿಗೆ ನಾನೇ ಬಡಿಯಬೇಕು ಅನಿಸಿತು. ಹೋಯಿತು, ಎಲ್ಲ ಹೋಯಿತು, ಜೂನ್ ಒಂದಕ್ಕೆ ಅಮ್ಮನ ಮುಖ ಹೇಗೆ ನೋಡಲಿ? ಆದರೂ ಬಿಡದೆ ಹೇಳಿದೆ. ಗಂಜು, ಕಾಂಟಾ, ಅಕ್ಕಿ ಗ್ಲಾಸು, ಮಾವ, ಎಲ್ಲ. ಅರ್ಧ ಇಂಗ್ಲಿಷು, ಅರ್ಧ ದಖನಿ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಮಾ ತಾತ ಕೂಡಾ ಲಾಭಂ ಅನೇ ಅನೇವಾರು" ಎಂದರು ತೆಲುಗಿನಲ್ಲಿ. ಅವರ ತಾತನೂ ಧಾನ್ಯ ಅಳೆಯುವಾಗ ಹಾಗೇ ಶುರು ಮಾಡುತ್ತಿದ್ದನಂತೆ. ಆಮೇಲೆ ಮೇಡಂ ಗಂಭೀರವಾಗಿ, "ಸರಿ, ಆ ಲಾಭದ ಚೀಲ ಬಿಚ್ಚಿ ತೋರಿಸಿ. ಒಳಗೆ ಏನಿದೆ?" ಎಂದರು.

"ಝ ಫ್ಯು" ಎಂದೆ. ನಾನಿದ್ದೆ.

"ಇನ್ನೊಂದು ಕ್ರಿಯಾಪದ ಹೇಳಿ. ಲಾಭದಿಂದಲೇ ಹೇಳಿ ಬೇಕಾದರೆ."

ನಾಲ್ಕು ಕ್ರಿಯಾಪದ ಹೇಳಿಸಿದರು. ಪ್ಯೂನು ಬಾಗಿಲ ಮೇಲೆ ಬೆರಳಿನಿಂದ ತಾಳ ತಟ್ಟಿದ.

ಹೊರಗೆ ಬೇವಿನ ಮರದ ಕೆಳಗೆ ಮಾವ ಕುಳಿತಿದ್ದರು, ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು. ಹೆದರಿ ಓಡಿದರೆ, "ಔಷಧಿ ಬಿಟ್ಟಾರ" ಎಂದರು. "ಕಣ್ಣು ತೋರಿಸಾಕ ಹೋಗ್ತೀವಿ ಅಂತ ಹುಸೇನ್‌ಬೀಗ ಹೇಳಿ ಬಂದೀವಿ. ನೀ ಒಳಗ ಇದ್ದಾಗ ಇಲ್ಲೇ ಬಾಜೂದ ದವಾಖಾನಿಗೆ ಹೋಗಿ ತೋರಿಸಿ ಬಂದೆ. ಅರ್ಧನಾದ್ರೂ ಖರೆ ಆಗಲಿ."

ಮೇ ಇಪ್ಪತ್ತೆರಡಕ್ಕೆ ಫೋನಿನಲ್ಲಿ ರಿಸಲ್ಟು ಬಂತು. ಅರವತ್ತೆಂಟು! ಮಾವ ಮಾಳಿಗೆಯ ಪಾರಿವಾಳಗಳಿಗೆ ಒಂದು ಸೇರು ಜೋಳ ಚೆಲ್ಲಿದರು. ಆದರೆ ನನ್ನ ಖುಷಿಯೊಳಗೆ ಒಂದು ಮುಳ್ಳು ಇತ್ತು. ಸರ್ಟಿಫಿಕೇಟಿನಲ್ಲಿ ಪಾಸಾದ ವರ್ಷ ಇರುತ್ತದೆ. ಈ ವರ್ಷ. ಅಮ್ಮ ಅದನ್ನು ಓದಿದರೆ?

ಅಂಚೆಯವನು ಬಂದದ್ದು ಮೇ ಮೂವತ್ತಕ್ಕೆ. ಬಾಗಿಲಲ್ಲಿ ಅಮ್ಮನೇ ಇದ್ದರು. ನಾನು ಹಿತ್ತಲಿನಿಂದ ಓಡಿ ಬರುವಷ್ಟರಲ್ಲಿ ಲಕೋಟೆ ಹರಿದು ಸರ್ಟಿಫಿಕೇಟು ತೆಗೆದು, ಹೊರಸಿನ ಮೇಲೆ ಕುಳಿತು ಓದುತ್ತಿದ್ದರು. ಎದುರಿಗೆ ಮಾವ ಮುಖ ಬಿಳಿ ಮಾಡಿಕೊಂಡು ನಿಂತಿದ್ದರು.

"ಬಂತ ನೋಡ್ರೀ, ಮಾಮುನ ಅಲ್ಮಾರಿಯಿಂದ! 'ಕೌಸರ್, ಬಿ.ಎ.'" ಎಂದು ಅಮ್ಮ ಅಕ್ಷರದ ಕೆಳಗೆ ಬೆರಳು ಸರಿಸಿ, ಎರಡು ಸಲ ಬಡಿದರು.

ಸರ್ಟಿಫಿಕೇಟು ತಲೆಕೆಳಗಾಗಿತ್ತು. ಮೇಲಿರಬೇಕಾದ ಮುದ್ರೆ ಅವರ ಮಡಿಲ ಕಡೆ ಇತ್ತು.

ಮಂಜು ಕಣ್ಣು, ಸೂಜಿಯ ದಾರ, ಎಲ್ಲ ಒಮ್ಮೆಲೇ ತಿಳಿಯಿತು. ಹತ್ತೊಂಬತ್ತು ವರ್ಷ ಕಾರ್ಡು ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು. ಅಮ್ಮನಿಗೆ ಒಂದಕ್ಷರವೂ ಬಾರದು. ಈ ವರ್ಷ, ಆ ವರ್ಷ ಎಂದು ಅವರಿಗೆ ಎಂದೂ ತಿಳಿಯುವುದಿಲ್ಲ. ನಾನು ಸುಮ್ಮನಿದ್ದರೆ ಸಾಕು, ಬದುಕಿಡೀ ಬಚಾವು. ಮಾವನೂ ನನ್ನನ್ನೇ ನೋಡುತ್ತಿದ್ದರು.

ಆದರೆ ಆ ಬೆರಳು ಇನ್ನೂ ಆ ಕಾಗದದ ಮೇಲೆ ಇತ್ತು. ಅಷ್ಟು ನಂಬಿದ ಬೆರಳಿಗೆ ಸುಳ್ಳು ಹೇಳಲು ನನಗೆ ಆಗಲಿಲ್ಲ. ಅವರ ಕಾಲ ಹತ್ತಿರ ಕುಳಿತು, "ಅಮ್ಮಾ, ಕಾರ್ಡಿನಾಗ ಇದ್ದದ್ದು ಸುಳ್ಳರೀ. ನಾ ಫೇಲಾಗಿದ್ದೆ. ಖರೆ ಬಿ.ಎ. ಆಗಿದ್ದು ಈ ವರ್ಷ" ಎಂದೆ.

ಅಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ ಓಣಿಗೆಲ್ಲ ಕೇಳುವಂತೆ ಒದರಿದರು. "ಹತ್ತೊಂಬತ್ತು ವರ್ಷ! ನನ್ನ ಕೈಲೆ ಊರ ತುಂಬ ಸುಳ್ಳು ಹೇಳಿಸಿದ್ಯಲ್ಲೇ!" ಮಾವನ ಕಡೆ ತಿರುಗಿದರು. "ನಿಮಗೂ ಗೊತ್ತಿತ್ತೇನ್ರೀ?"

"ನಾ ಮಾಳಿಗಿ ಹತ್ತೇ ಇಲ್ಲ" ಎಂದರು ಮಾವ.

"ಆ ಅಕ್ಕಿ! ಆರಾರು ಗ್ಲಾಸು ಅಕ್ಕಿ! ಅದಕ್ಕೇನು?" ಎಂದವರು ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ. ಅಮ್ಮನ ದನಿ ಒಮ್ಮೆಲೇ ಇಳಿಯಿತು. "ಹುಚ್ಚಿ, ಮೊದಲ ಹೇಳಿದ್ರ ಆವಾಗ ಓದಿಸ್ತಿದ್ದಿಲ್ಲೇನು ನಾ?" ಎಂದು ನನ್ನ ತಲೆ ಮೇಲೆ ಕೈ ಇಟ್ಟರು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಆಮೇಲೆ ಸರ್ಟಿಫಿಕೇಟನ್ನು ನನ್ನ ಕಡೆ ಚಾಚಿ, ಮೆಲ್ಲಗೆ, "ಹೆಸರು ಎಲ್ಲೈತಿ ತೋರಿಸು" ಎಂದರು.

ನಾನು ಕಾಗದ ಸುಮ್ಮನೆ ತಿರುಗಿಸಿ ಇಟ್ಟು, ಹೆಸರಿನ ಮೇಲೆ ಅವರ ಬೆರಳು ಇಟ್ಟೆ.

"ಉಲ್ಟಾ ಹಿಡಿದಿದ್ದೆನೇನು?" ಎಂದರು. ಅಮ್ಮ ತಲೆ ಮೇಲಿನ ಸೆರಗು ಸರಿಮಾಡಿಕೊಂಡರು. "ಮೂರನೇತ್ತ ಓದೀನಿ ಅಂತ ಹೇಳ್ಕೋತ ಬಂದೀನಿ. ಸಾಲಿ ಮುಂದ ಹಾದು ಹೋಗೀನಿ ಅಷ್ಟ. ಒಳಗ ಕಾಲ ಇಟ್ಟಿಲ್ಲ."

"ನಂಗೂ ಹೇಳಿದ್ದಿಲ್ಲಲ್ಲ!" ಎಂದರು ಮಾವ, ಗಂಜಿನ ದನಿಯಲ್ಲಿ. "ಓದಿದಾಕಿ ಅಂತ ನಲವತ್ತಾರು ವರ್ಷ ಹೆದರಿ ಬದುಕೀನಿ ನಾ!"

ಅಮ್ಮ ನಕ್ಕರು. ನಾನೂ ನಕ್ಕೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕೇಳಿ ಕಸ್ತೂರೆಮ್ಮ ಪಾತ್ರೆ ಸಮೇತ ಓಡಿ ಬಂದಳು.

ಜೂನ್ ಒಂದಕ್ಕೆ ಪಂಪಾಪತಿಯವರ ಮುಂದೆ ಅಮ್ಮನೇ ಸರ್ಟಿಫಿಕೇಟು ಇಟ್ಟರು, ಸರಿಯಾಗಿ, ಮುದ್ರೆ ಮೇಲೆ ಮಾಡಿ. ಅವರು ವರ್ಷ ನೋಡಿ ಹುಬ್ಬೇರಿಸಿ, "ಇದೇನ್ರೀ, ಈ ವರ್ಷದ್ದು?" ಎಂದರು.

"ಹೌದ್ರೀ, ಬಿಸಿ ಬಿಸಿ ಐತಿ" ಎಂದರು ಅಮ್ಮ. "ಕಾರ್ಡಿನಾಗ ತಪ್ಪ ಬಿದ್ದಿತ್ತು. ನಿಮಗ ಹಳಸಿದ್ದ ಬೇಕೇನು?" ಪಂಪಾಪತಿ ನಕ್ಕು ರಿಜಿಸ್ಟರು ನನ್ನ ಕಡೆ ತಳ್ಳಿದರು, ನಾನು ಸಹಿ ಹಾಕಿದೆ.

ಬರುವಾಗ ಅಮ್ಮ ಬಜಾರಿನಲ್ಲಿ ಆಟೋ ನಿಲ್ಲಿಸಿದರು. ಒಬ್ಬರೇ ಅಂಗಡಿಗೆ ಹೋಗಿ, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದರು. ಮನೆಗೆ ಬಂದ ಮೇಲೆ ನೋಡಿದರೆ ಒಂದು ಪಾಟಿ, ಒಂದು ಡಬ್ಬಿ ಬಳಪ.

"ಸಾಲಿ ಮಕ್ಕಳಿಗೆ ನಾಳೆ ಹೇಳ್ತಿ. ಮೊದಲನೇ ಪಾಠ ನಂಗ ಹೇಳು" ಎಂದರು. "ಈಗ ಕಣ್ಣು ಮಂಜಿಲ್ಲ."

ಮೂವರೂ ಮಾಳಿಗೆ ಹತ್ತಿದೆವು. ಪಾಟಿಯ ಮೇಲೆ ದೊಡ್ಡದಾಗಿ ಅ, ಆ, ಇ, ಈ ಬರೆದೆ. ಅಮ್ಮನ ಕೈ ಹಿಡಿದು ಬೆರಳನ್ನು ಮೊದಲನೇ ಅಕ್ಷರದ ಕೆಳಗೆ ಇಟ್ಟು, "ಹೇಳ್ರಿ ಅಮ್ಮಾ, ಇದೇನು?" ಎಂದೆ.

ಅಮ್ಮ ಅಕ್ಷರ ನೋಡಿದರು. ಒಮ್ಮೆ ನನ್ನನ್ನು, ಒಮ್ಮೆ ಮಾವನನ್ನು ನೋಡಿದರು. ಬೆರಳಿನಿಂದ ಎರಡು ಸಲ ಪಾಟಿ ಬಡಿದು, ಓಣಿಗೆ ಕೇಳುವಂತೆ ಹೇಳಿದರು:

"ಲಾಭ!"

ನಾನು ತಿದ್ದಲಿಲ್ಲ. ಬೆರಳನ್ನು ಎರಡನೆಯದಕ್ಕೆ ಸರಿಸಿದೆ.